ರಾಣಿಪುರಂ ಹುಲ್ಲುಬೆಟ್ಟದಲ್ಲಿ ನೀರಿನ ಜಾಡು ಹಿಡಿದು

ಕಾಸರಗೋಡಿನ ಕನ್ನಡಿಗರಲ್ಲಿ ಬೆಟ್ಟ ಹತ್ತುವ ಆಸೆಯುಳ್ಳವರು ಸಾಮಾನ್ಯವಾಗಿ ಗಡಿ ದಾಟಿ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೋಗುತ್ತಾರೆ. ನಮ್ಮದೇ ಜಿಲ್ಲೆಯ ಮೂಡಣ ಅಂಚಿನಲ್ಲಿ, ಕೊಡಗಿನ ತಲಕಾವೇರಿ ವನ್ಯಧಾಮಕ್ಕೆ ಒತ್ತಿಕೊಂಡಿರುವ ರಾಣಿಪುರಂ ಬೆಟ್ಟಕ್ಕೆ ಹೋಗುವವರೂ ಬೆಳಿಗ್ಗೆ ಹತ್ತಿ, ಮಧ್ಯಾಹ್ನ ಇಳಿದು, ಸಂಜೆಗೆ ಮನೆ ಸೇರುವುದೇ ಹೆಚ್ಚು. ಅಲ್ಲಿಯ ಹುಲ್ಲು, ಹುಲ್ಲಿನ ನಡುವೆ ಅಡಗಿರುವ ಕಾಡು, ಕಾಡಿನ ಬುಡದಿಂದ ಒಸರುವ ನೀರು ಇವು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಎಂಬುದನ್ನು ಕಾಣಬೇಕಾದರೆ ಅಲ್ಲಿ ತಂಗಬೇಕು, ನಿಧಾನವಾಗಿ ನಡೆಯಬೇಕು, ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ಈ ಉದ್ದೇಶ ಇಟ್ಟುಕೊಂಡೇ ನಾವು ನವೆಂಬರ್ ತಿಂಗಳ ಕೊನೆಯ ವಾರದಲ್ಲಿ, ತುಲಾ ಮಾಸದ ಗುಡುಗುಮಳೆ ಹಿಂದೆ ಸರಿದ ಮೇಲೆ, ಬದಿಯಡ್ಕದ ಕಡೆಯಿಂದ ಹೊರಟೆವು.

ನಮ್ಮನ್ನು ಅಲ್ಲಿಗೆ ಎಳೆದದ್ದು ನೀರಿನ ಪ್ರಶ್ನೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಸಣ್ಣವು ದೊಡ್ಡವು ಸೇರಿ 12 ಹೊಳೆಗಳು ಹರಿಯುತ್ತವೆ. ಆದರೂ ಮಾರ್ಚ್ ಬಂತೆಂದರೆ ನಮ್ಮ ತೋಡುಗಳಲ್ಲಿ ಕಲ್ಲು ಕಾಣುತ್ತದೆ, ಅಡಿಕೆ ತೋಟದವರು ಬಾವಿಯ ತಳ ನೋಡತೊಡಗುತ್ತಾರೆ. ಹಿರಿಯರು ಇದಕ್ಕೆ ಉಪಾಯಗಳನ್ನು ಕಂಡುಕೊಂಡಿದ್ದರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡಿ ಒಸರು ನೀರನ್ನು ಅಂಗಳಕ್ಕೆ ತಂದರು. ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕಿ ನೀರನ್ನು ತಡೆದು ನೆಲಕ್ಕೆ ಇಂಗಿಸಿದರು. ಆದರೆ ಹೊಳೆಯ ತಲೆಯಲ್ಲಿ, ಘಟ್ಟದ ನೆತ್ತಿಯಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂಬುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ನೋಡಿಲ್ಲ. ನಮ್ಮ ಗುಂಪಿನಲ್ಲಿ ಅಡಿಕೆ ಕೃಷಿಕನಾದ ನನ್ನ ಭಾವ, ಎಂಟನೆಯ ತರಗತಿಯಲ್ಲಿ ಓದುವ ಅವನ ಮಗಳಾದ ನನ್ನ ಸೋದರಸೊಸೆ, ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಷ್ಟ್ರು ಮತ್ತು ನಾನು ಇದ್ದೆವು.

ಗುರುವಾರ

ಕಾಞಂಗಾಡಿನಿಂದ ರಾಣಿಪುರಕ್ಕೆ ಸುಮಾರು 48 ಕಿಲೋಮೀಟರ್ ದೂರ. ಬಸ್ಸಿನಲ್ಲಿ ಹೋಗುವವರಿಗೆ ಅದೇ ಅನುಕೂಲದ ದಾರಿ. ನಾವು ಒಳನಾಡಿನ ಗುಡ್ಡಗಾಡು ಹೆದ್ದಾರಿಯನ್ನು ಆರಿಸಿಕೊಂಡು ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲ್ ಮಾರ್ಗವಾಗಿ ಹೋದೆವು. ಈ ದಾರಿಯಲ್ಲಿ ಹೋದರೆ ಜಿಲ್ಲೆಯ ನೆಲ ಹೇಗೆ ಬದಲಾಗುತ್ತ ಹೋಗುತ್ತದೆ ಎಂಬುದು ಕಾರಿನಲ್ಲಿ ಕುಳಿತವರಿಗೂ ತಿಳಿಯುತ್ತದೆ. ಮುಳ್ಳೇರಿಯದವರೆಗೆ ನೆತ್ತಿ ಬೋಳಾದ ಮುರಕಲ್ಲಿನ ಗುಡ್ಡಗಳು, ಅವುಗಳ ತಪ್ಪಲಿನಲ್ಲಿ ಅಡಿಕೆ ತೋಟ. ಆಮೇಲೆ ಇಳಿಜಾರು ಕಡಿದಾಗುತ್ತದೆ, ಮುರಕಲ್ಲು ಹಿಂದೆ ಉಳಿದು ಕರಿಬಂಡೆ ತಲೆಯೆತ್ತುತ್ತದೆ, ಎಡಬಲಗಳಲ್ಲಿ ರಬ್ಬರ್ ಸಾಲುಗಳು ತುಂಬಿಕೊಳ್ಳುತ್ತವೆ. ಬಂದಡ್ಕದ ಪೇಟೆಯಲ್ಲಿ ಚಹಾಕ್ಕೆ ಇಳಿದಾಗ ಒಂದೇ ಅಂಗಡಿಯಲ್ಲಿ ಮಲಯಾಳ, ಕನ್ನಡ, ತುಳು ಮತ್ತು ಗೌಡರ ಅರೆಭಾಷೆ ಕಿವಿಗೆ ಬಿದ್ದವು. ಯಾರೂ ಯಾರಿಗಾಗಿಯೂ ಮಾತು ಬದಲಿಸುತ್ತಿರಲಿಲ್ಲ, ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ದಾರಿಯಲ್ಲಿ ಸಿಗುವ ಗೇರುಗುಡ್ಡಗಳನ್ನು ನೋಡುವಾಗ ಕಾಸರಗೋಡಿನವರ ಮನಸ್ಸು ಹಗುರವಾಗಿರುವುದು ಸಾಧ್ಯವಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು 2000ದವರೆಗೂ ವರ್ಷವರ್ಷ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಇಂಥ ಗುಡ್ಡಗಳ ನೆತ್ತಿಯ ಮೇಲೆಯೇ. ನಮ್ಮ ಪೆರ್ಲದ ಬಳಿಯ ಹಳ್ಳಿಗಳಂತೆ ರಾಣಿಪುರಂ ಇರುವ ಈ ಪನತ್ತಡಿ ಪಂಚಾಯತೂ ಪೀಡಿತ ಪ್ರದೇಶಗಳ ಪಟ್ಟಿಯಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. ಗುಡ್ಡದ ತಲೆಗೆ ಬಿದ್ದದ್ದು ಬುಡದ ತೋಡಿಗೂ ಸುರಂಗಕ್ಕೂ ಬಾವಿಗೂ ಇಳಿದು ಬರುತ್ತದೆ ಎಂಬ ಸತ್ಯವನ್ನು ನಮ್ಮ ಜಿಲ್ಲೆ ತೆತ್ತ ಬೆಲೆಯಲ್ಲಿ ಬೇರೆ ಯಾರೂ ಕಲಿತಿರಲಾರರು. ಆದ್ದರಿಂದಲೇ ಬೆಟ್ಟದ ನೆತ್ತಿಯ ಯೋಗಕ್ಷೇಮವನ್ನು ಪ್ರವಾಸಿಗರ ಸಂತೋಷದ ವಿಷಯವೆಂದು ಮಾತ್ರ ನೋಡುವುದು ನನ್ನಿಂದ ಆಗುವುದಿಲ್ಲ.

ಪನತ್ತಡಿಯಿಂದ ಮುಖ್ಯರಸ್ತೆ ಬಿಟ್ಟು ಏರತೊಡಗಿದ ಮೇಲೆ ತಿರುವುಗಳು ಹತ್ತಿರ ಹತ್ತಿರವಾದವು, ಕಿವಿ ಕಟ್ಟಿತು. ನಾವು ಉಳಿದುಕೊಂಡದ್ದು ಕಾಡಿನಂಚಿನ ಒಂದು ಕೃಷಿಕರ ಮನೆಯಲ್ಲಿ. ಪ್ರವಾಸಿಗರಿಗೆ ಕೊಡಲೆಂದು ಎರಡು ಕೋಣೆಗಳನ್ನು ಬೇರೆಯಾಗಿ ಕಟ್ಟಿಕೊಂಡಿದ್ದಾರೆ. ಬೆಟ್ಟಕ್ಕೆ ಮೊದಲಿದ್ದ ಹೆಸರು ಮಾಡತ್ತುಮಲ. ಕೋಟ್ಟಯಂ ಕಡೆಯ ಕ್ರೈಸ್ತ ರೈತರು 1943ರಲ್ಲಿ ಕೆಳಗಿನ ರಾಜಪುರಕ್ಕೆ ವಲಸೆ ಬಂದರು. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯವು ಈ ಮೇಲಿನ ಭೂಮಿಯನ್ನು ಕೊಂಡು ಇನ್ನೊಂದು ನೆಲೆ ಮಾಡಿದಾಗ ಮಾತೆ ಮರಿಯಳನ್ನು ರಾಣಿಯೆಂದು ನೆನೆದು ರಾಣಿಪುರಂ ಎಂದು ಹೆಸರಿಟ್ಟರು. ಮನೆಯ ಯಜಮಾನಿ ಚೇಚಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸುಟ್ಟ ಮೆಣಸಿನ ಚಮ್ಮಂದಿ ಬಡಿಸಿದರು. ಅವರ ಅತ್ತೆ ಈ ಬೆಟ್ಟಕ್ಕೆ ಮೊದಲು ಬಂದವರಲ್ಲಿ ಒಬ್ಬರು. ಆಗ ಕಾಳುಮೆಣಸಿನ ಬಳ್ಳಿಯನ್ನೂ ಮರಗೆಣಸಿನ ಕಡ್ಡಿಯನ್ನೂ ತಲೆಹೊರೆಯಲ್ಲೇ ತಂದದ್ದಂತೆ.

ಶುಕ್ರವಾರ

ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಟಿಕೆಟು ಬೇಕು, ಟಿಕೆಟು ಕೊಡುವ ಹೊತ್ತಿಗೂ ಮಿತಿಯಿದೆ. ಊರಿನವರೇ ಇರುವ ವನಸಂರಕ್ಷಣಾ ಸಮಿತಿಯ ವಾಚರುಗಳು ದಾರಿಯ ಮೇಲೆ ಕಣ್ಣಿಡುತ್ತಾರೆ. ಆ ದಿನ ಬೆಳಿಗ್ಗೆ ನಮ್ಮನ್ನು ಸ್ವಲ್ಪ ಹೊತ್ತು ಕೆಳಗೇ ನಿಲ್ಲಿಸಿದರು. ಹಿಂದಿನ ರಾತ್ರಿ ಆನೆಗಳು ದಾರಿಗೆ ಅಡ್ಡ ಬಂದಿದ್ದವು. ವಾಚರುಗಳು ಮೇಲೆ ಹೋಗಿ ನೋಡಿ ಬಂದು ಹೇಳಿದ ಮೇಲೆಯೇ ಬಾಗಿಲು ತೆರೆಯಿತು. ದೂರದಿಂದ ಬಂದ ಕೆಲವು ಯುವಕರು ಗೊಣಗುತ್ತಿದ್ದರು. ನನಗೆ ಮಾತ್ರ ಈ ಕಟ್ಟುನಿಟ್ಟು ಬಹಳ ಸರಿಯೆನಿಸಿತು. ತಲಕಾವೇರಿ ವನ್ಯಧಾಮದ ಸುಮಾರು 105 ಚದರ ಕಿಲೋಮೀಟರ್ ಕಾಡು ಈ ಬೆಟ್ಟದ ಬೆನ್ನಿಗೇ ಇದೆ, ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ, ನಾವು ನಡೆಯಬೇಕಾಗಿದ್ದ ಹಾದಿ ಅದು ನಡೆಯುವ ಹಾದಿಯೂ ಹೌದು.

ತುದಿಯವರೆಗಿನ ನಡಿಗೆ ಸುಮಾರು ಎರಡೂವರೆ ಕಿಲೋಮೀಟರ್. ಅದರ ಮೊದಲ ಭಾಗವೆಲ್ಲ ನಿತ್ಯಹರಿದ್ವರ್ಣ ಕಾಡಿನೊಳಗೇ ಸಾಗುತ್ತದೆ. ಹೊರಗೆ ಬಿಸಿಲೇರಿದ್ದರೂ ಒಳಗೆ ಹೊತ್ತು ಇನ್ನೂ ಮೂಡದಿದ್ದಷ್ಟು ಮಬ್ಬು. ಮಾಷ್ಟ್ರು ಒಂದೊಂದೇ ಮರದ ಬುಡದಲ್ಲಿ ನಿಂತು ತೊಗಟೆಯನ್ನು ಮುಟ್ಟಿ ನೋಡುತ್ತ ಹೆಸರು ಹೇಳುತ್ತಿದ್ದರು: ಬಿಳಿ ಅಂಟು ಸುರಿಸುವ ಧೂಪದ ಮರ, ಎಳೆಯ ಎಲೆ ಕೆಂಪಗೆ ಚಿಗುರುವ ನಾಗಸಂಪಿಗೆ, ಹುಳಿಗೆ ಬೇಕಾದ ಉಪ್ಪಾಗೆ, ರಾಂಪತ್ರೆ, ಹೆಬ್ಬಲಸು. ಕೆಳಗೆ ಬೆತ್ತದ ಮುಳ್ಳುಗಂಟುಗಳು ಮತ್ತು ವಾಟೆಯ ಮೆಳೆಗಳು ತುಂಬಿದ್ದವು. ನೆಲದ ಮೇಲೆ ಅಂಗೈ ದಪ್ಪಕ್ಕೆ ತರಗೆಲೆ ಹಾಸಿತ್ತು. ಮಾಷ್ಟ್ರು ದಾರಿಯ ಅಂಚಿನಲ್ಲಿ ಒಂದು ಹಿಡಿ ತರಗೆಲೆಯನ್ನು ಎತ್ತಿ ಸೊಸೆಯ ಕೈಯಲ್ಲಿಟ್ಟು ಹಿಂಡಿ ನೋಡಲು ಹೇಳಿದರು. ಮಳೆ ಬಿದ್ದು ವಾರ ಕಳೆದಿದ್ದರೂ ಅವಳ ಬೆರಳುಗಳ ಸಂದಿನಿಂದ ನೀರು ತೊಟ್ಟಿಕ್ಕಿತು. ಅವಳು ಆ ಎಲೆಗಳನ್ನು ಎಲ್ಲಿಂದ ತೆಗೆದಿದ್ದರೋ ಅಲ್ಲಿಯೇ ಮರಳಿ ಇಟ್ಟಳು.

ಉಂಬಳಗಳು ನವೆಂಬರಿನಲ್ಲಿ ಮಳೆಗಾಲದಷ್ಟು ಇರುವುದಿಲ್ಲ. ಆದರೆ ನೆರಳಿನ ಹಸಿ ಜಾಗಗಳಲ್ಲಿ ಇದ್ದೇ ಇದ್ದವು. ಹೊಗೆಸೊಪ್ಪು ಮತ್ತು ಸುಣ್ಣವನ್ನು ಬಟ್ಟೆಯಲ್ಲಿ ಕಟ್ಟಿ ಒದ್ದೆ ಮಾಡಿ ಕಾಲಿಗೆ ಉಜ್ಜಿಕೊಳ್ಳುವುದು ನಮ್ಮ ಕಡೆಯ ತೋಟಗಳಲ್ಲಿಯೂ ರೂಢಿಯಲ್ಲಿರುವ ಉಪಾಯ. ಅದು ಇಲ್ಲಿಯೂ ನಡೆಯಿತು. ಎತ್ತರದಲ್ಲಿ ಮಂಗಟ್ಟೆಯೊಂದು ಹಾರಿದಾಗ ರೆಕ್ಕೆಯ ಸದ್ದು ಹಕ್ಕಿ ಕಾಣುವ ಮೊದಲೇ ಕೇಳಿಸಿತು. ಕೆಂದಳಿಲೊಂದು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತ ಬಹಳ ಹೊತ್ತು ನಮ್ಮೊಡನೆ ಬಂತು.

ಕಾಡು ಮುಗಿಯುವ ಜಾಗ ಒಂದು ಗೆರೆ ಎಳೆದಷ್ಟು ಸ್ಪಷ್ಟವಾಗಿದೆ. ಕೊನೆಯ ಮರವನ್ನು ದಾಟಿ ಹತ್ತು ಹೆಜ್ಜೆ ಇಟ್ಟರೆ ಆಕಾಶ ಪೂರ್ತಿ ತೆರೆದುಕೊಂಡು, ಸೊಂಟದೆತ್ತರದ ಹುಲ್ಲು ಬೆಟ್ಟದ ಮೈಯೆಲ್ಲ ಹಬ್ಬಿರುವುದು ಕಾಣುತ್ತದೆ. ನವೆಂಬರಿನ ಹುಲ್ಲಿಗೆ ಬುಡದಲ್ಲಿ ಹಸಿರು, ತುದಿಯಲ್ಲಿ ಹೊಂಬಣ್ಣ. ಗಾಳಿ ಬೀಸಿದಾಗ ಇಡೀ ಇಳಿಜಾರಿನ ಹುಲ್ಲು ಬಾಚಣಿಗೆಯಲ್ಲಿ ಬಾಚಿದಂತೆ ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ಬೆಟ್ಟದ ಮಡಿಕೆಗಳಲ್ಲಿ, ಎರಡು ಇಳಿಜಾರುಗಳು ಸೇರುವ ಕಣಿವೆಗಳಲ್ಲಿ ಮಾತ್ರ ಕಡುಹಸಿರಿನ ಕಾಡು ಉಳಿದಿದೆ. ಈ ಕಣಿವೆಕಾಡನ್ನು ಶೋಲೆ ಎನ್ನುತ್ತಾರೆ.

ಹುಲ್ಲೇಕೆ ಇಲ್ಲಿ, ಕಾಡೇಕೆ ಅಲ್ಲಿ ಎಂಬ ಪ್ರಶ್ನೆಯನ್ನು ಸೊಸೆಯೇ ಕೇಳಿದಳು. ಮಾಷ್ಟ್ರು ಉತ್ತರವನ್ನು ಬಾಯಿಯಲ್ಲಿ ಹೇಳದೆ, ನೀರು ಕೊರೆದ ದಾರಿಯ ಬದಿಯ ಮಣ್ಣಿನ ಗೋಡೆಯನ್ನು ತೋರಿಸಿದರು. ಹುಲ್ಲಿನ ಕಡೆ ಕರಿಮಣ್ಣು ಒಂದು ಗೇಣು ಇದ್ದರೆ ಹೆಚ್ಚು. ಅದರ ಕೆಳಗೆ ಪುಡಿಕಲ್ಲು, ಆಮೇಲೆ ಬಂಡೆ. ಕಣಿವೆಯತ್ತ ಇಳಿದಂತೆ ಅದೇ ಮಣ್ಣು ಮೊಣಕಾಲೆತ್ತರವಾಗಿ, ಸೊಂಟದೆತ್ತರವಾಗಿ ದಪ್ಪಗಾಗುತ್ತ ಹೋಗುತ್ತದೆ. ತೆಳು ಮಣ್ಣಿನಲ್ಲಿ ದೊಡ್ಡ ಮರ ಬೇರು ಬಿಡಲಾರದು. ಬಿಟ್ಟರೂ ಪಶ್ಚಿಮದಿಂದ ನೇರವಾಗಿ ಬೀಸುವ ಮುಂಗಾರಿನ ಗಾಳಿ ಅದನ್ನು ನಿಲ್ಲಗೊಡದು, ಬೇಸಿಗೆಯ ಬೆಂಕಿ ಸಸಿಯನ್ನು ಬೆಳೆಯಗೊಡದು. ಹುಲ್ಲಾದರೆ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಮರದ ಸಸಿಗಳನ್ನು ಕೊಲ್ಲುವುದೂ ಒಂದು ಕಾರಣ. ರಾಣಿಪುರಂ ಅಷ್ಟು ಎತ್ತರವಿಲ್ಲ, ತುದಿಯೂ ಸುಮಾರು ಸಾವಿರ ಮೀಟರ್ ಅಷ್ಟೇ; ಇಲ್ಲಿ ಆ ಕೆಲಸವನ್ನು ಗಾಳಿ, ಬೆಂಕಿ ಮತ್ತು ತೆಳು ಮಣ್ಣು ಮಾಡುತ್ತವೆ.

ಭಾವನಿಗೆ ಬೇಕಾಗಿದ್ದದ್ದು ಇದರ ಮುಂದಿನ ಮಾತು. ಮಳೆ ಬಿದ್ದಾಗ ಹುಲ್ಲಿನ ಒತ್ತಾದ ಬೇರುಗಳು ನೀರಿನ ಓಟವನ್ನು ತಡೆದು ಅದನ್ನು ಮಣ್ಣಿಗೆ ಇಳಿಸುತ್ತವೆ. ಇಳಿದ ನೀರು ಬಂಡೆಯ ಮೇಲ್ಮೈಯನ್ನು ಹಿಡಿದುಕೊಂಡು ಮಣ್ಣಿನೊಳಗೇ ಕಣಿವೆಯ ಕಡೆಗೆ ಜಾರುತ್ತದೆ. ಕಣಿವೆಯಲ್ಲಿ ಶೋಲೆಯ ಆಳವಾದ ಮಣ್ಣು, ತರಗೆಲೆ, ನೆರಳು ಅದನ್ನು ಬಿಸಿಲಿಗೆ ಕೊಡದೆ ಇಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಹುಲ್ಲನ್ನು ಬೋಳುಗುಡ್ಡವೆಂದು ತಿಳಿದು ಅಲ್ಲಿ ಅಕೇಶಿಯವನ್ನೋ ಗಾಳಿಮರವನ್ನೋ ನೆಟ್ಟರೆ ಈ ಜೋಡಣೆ ಕೆಡುತ್ತದೆ. "ನಮ್ಮ ಗುಡ್ಡದ ಮೇಲೆ ಹುಲ್ಲಿದ್ದ ಕಾಲದಲ್ಲಿ ಸುರಂಗದ ನೀರು ಮೇ ತಿಂಗಳವರೆಗೂ ಬರುತ್ತಿತ್ತೆಂದು ಅಜ್ಜ ಹೇಳುತ್ತಿದ್ದರು, ಮಾಷ್ಟ್ರೇ" ಎಂದ ಭಾವ, ಆ ಗುಡ್ಡದಲ್ಲಿ ಈಗ ನಿಂತಿರುವ ಅಕೇಶಿಯದ ವಿಷಯವನ್ನು ವಿವರವಾಗಿ ಹೇಳತೊಡಗಿದ. ಬೆಟ್ಟದ ನಡುವೆ ಕುಳಿತು ಬಹಳ ಹೊತ್ತು ನಮ್ಮ ಊರಿನ ಗುಡ್ಡದ ಮಾತೇ ನಡೆಯಿತು.

ತುದಿಯ ಬಂಡೆಯಿಂದ ಮೂಡಣಕ್ಕೆ ನೋಡಿದರೆ ಕೊಡಗಿನ ಕಡೆಗೆ ಒಂದರ ಹಿಂದೊಂದು ಕಾಡು ತುಂಬಿದ ಸಾಲುಬೆಟ್ಟಗಳು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟದ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ತಲಕಾವೇರಿಯ ಆ ಕಾಡೂ ಅದರಲ್ಲಿತ್ತು. ಪಡುವಣಕ್ಕೆ ಇಳಿಜಾರಿನ ರಬ್ಬರ್ ತೋಟಗಳು, ಅವುಗಳಾಚೆ ಮಸುಕು ಬಯಲು. ಕಡಲು ಕಾಣುವ ದಿನಗಳೂ ಇವೆ ಎಂದು ವಾಚರು ಹೇಳಿದರು. ಆ ದಿನ ಕಾಣಲಿಲ್ಲ. ಹುಲ್ಲಿನಲ್ಲಿ ಕಾಟಿಗಳ ಗೊರಸಿನ ಗುರುತು, ಹಿಂದಿನ ರಾತ್ರಿಯ ಆನೆಲದ್ದಿ ಮತ್ತು ಆನೆಗಳು ಸಾಗಿದ ಅಗಲವಾದ ಜಾಡು ಕಂಡವು.

ಮನಸ್ಸಿಗೆ ನೋವಾದ ಒಂದು ಸಂಗತಿಯನ್ನೂ ಬರೆಯಬೇಕು. ಮುಖ್ಯದಾರಿ ಸುತ್ತುಬಳಸು ಎಂದು ಅನೇಕರು ಹುಲ್ಲಿನ ಮೇಲೆ ನೇರವಾಗಿ ಹತ್ತಿ ಇಳಿದು ಒಳದಾರಿಗಳನ್ನು ಮಾಡಿದ್ದಾರೆ. ಕಾಲ್ತುಳಿತಕ್ಕೆ ಹುಲ್ಲಿನ ಬುಡ ಸತ್ತ ಜಾಗದಲ್ಲಿ ಮಳೆನೀರು ಕೊರೆದು ಮೊಣಕಾಲೆತ್ತರದ ಚರಂಡಿಗಳಾಗಿವೆ. ಗೇಣುದ್ದದ ಕರಿಮಣ್ಣು ಹೋದ ಮೇಲೆ ಅಲ್ಲಿ ಹುಲ್ಲು ಬರುವುದಿಲ್ಲ. ಆ ಮಣ್ಣು ಮತ್ತೆ ಸೇರಲು ಎಷ್ಟು ತಲೆಮಾರು ಬೇಕೋ! ಇಲ್ಲಿಗೆ ಬರುವವರಲ್ಲಿ ನನ್ನ ಕೋರಿಕೆ ಒಂದೇ: ದಾರಿ ಎಷ್ಟೇ ಸುತ್ತಾಗಿದ್ದರೂ ದಾರಿಯಲ್ಲಿಯೇ ನಡೆಯಿರಿ.

ಶನಿವಾರ

ಬೆಳಗಿನ ಜಾವ ಎದ್ದು ಹೊರಗೆ ಬಂದಾಗ ಅಂಗಳದ ತುದಿಯ ಹಲಸಿನ ಮರವೂ ಕಾಣದಷ್ಟು ಮಂಜು ಕವಿದಿತ್ತು. ಮಳೆಯಿರಲಿಲ್ಲ, ಆದರೆ ಕಾಡಿನಂಚಿನಲ್ಲಿ ಎಲೆಗಳಿಂದ ಎಡೆಬಿಡದೆ ಹನಿ ಬೀಳುವ ಸದ್ದಿತ್ತು. ಮಂಜು ಎಲೆಗೆ ತಾಗಿ ಹನಿಗೂಡಿ ಕೆಳಗಿಳಿಯುತ್ತಿತ್ತು. ಮರವಿಲ್ಲದ ಅಂಗಳದ ನೆಲ ಒಣಗಿಯೇ ಇತ್ತು, ಹತ್ತು ಮಾರು ಆಚೆಗೆ ಮರದ ಬುಡದ ಮಣ್ಣು ಒದ್ದೆಯಾಗಿತ್ತು. ಮಳೆಮಾಪಕದಲ್ಲಿ ಬರೆದುಕೊಳ್ಳದ ಈ ನೀರೂ ತೊರೆಗೆ ಸೇರುತ್ತದೆ. ಕಪ್ಪುನೀಲಿ ಬಣ್ಣದ ಸರಳೆ ಸಿಳ್ಳಾರ ಹಕ್ಕಿ ಮಂಜಿನೊಳಗೆ ಎಲ್ಲಿಯೋ ಕುಳಿತು ರಾಗ ಮುಗಿಸದೆ ಸಿಳ್ಳೆ ಹಾಕುತ್ತಿತ್ತು. ಸೊಸೆ ಶಾಲು ಹೊದ್ದು ಮೆಟ್ಟಲಿನ ಮೇಲೆ ಕುಳಿತು, "ಮಾವಾ, ಮನುಷ್ಯರೇ ಸಿಳ್ಳೆ ಹಾಕಿದ ಹಾಗೆ ಕೇಳುತ್ತದಲ್ಲಾ" ಎಂದಳು.

ಆ ದಿನದ ಕೆಲಸ ತೊರೆಯದು. ಕಾಯ್ದಿಟ್ಟ ಕಾಡಿನೊಳಗೆ ದಾರಿ ಬಿಟ್ಟು ತಿರುಗಾಡಲು ಅನುಮತಿಯಿಲ್ಲವಾದ್ದರಿಂದ, ಶೋಲೆಯಿಂದ ಹೊರಬಂದ ತೊರೆಯೊಂದು ಕೃಷಿಭೂಮಿಗೆ ಇಳಿಯುವ ಜಾಗಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ದಾರಿ ತೋರಿಸಲು ಮನೆಯವರು ಕೆಳಗಿನ ವಸತಿಯ ಒಬ್ಬ ಹಿರಿಯರನ್ನು ಕರೆಸಿದರು. ಅವರು ಮಾವಿಲರು. ಕಾಸರಗೋಡಿನ ಮೂಡಣ ಬೆಟ್ಟಗಳಲ್ಲಿ ಬಹುಕಾಲದಿಂದ ಇರುವ ಬುಡಕಟ್ಟಿನ ಈ ಜನರ ಮನೆಮಾತು ತುಳುವಿಗೆ ಬಹಳ ಹತ್ತಿರವಾದದ್ದು. ನಾವು ಮಲಯಾಳದಲ್ಲಿ ಮಾತು ಪ್ರಾರಂಭಿಸಿದ್ದೆವು. ನಮ್ಮೊಳಗೆ ತುಳುವಿನಲ್ಲಿ ಆಡಿದ ಮಾತು ಕೇಳಿ ಅವರು ನಡುವೆಯೇ ತಮ್ಮ ಮಾತಿಗೆ ತಿರುಗಿದರು. ಅಲ್ಲಿಂದ ಮುಂದೆ ಇಡೀ ಬೆಳಿಗ್ಗೆ ಅವರು ಅವರ ಮಾತಿನಲ್ಲಿ, ನಾವು ನಮ್ಮ ತುಳುವಿನಲ್ಲಿ ಹರಟಿದೆವು. ಭಾವ ಅವರನ್ನು "ಅಣ್ಣೇರ್" ಎಂದು ಕರೆದ. ಅವರು ಸೊಸೆಯನ್ನು "ಮಗಾ" ಎಂದೇ ಕೊನೆಯವರೆಗೂ ಕರೆಯುತ್ತಿದ್ದರು.

ಹಿರಿಯರಿಗೆ ಆ ತೊರೆಯ ಒಂದೊಂದು ತಿರುವೂ ಗೊತ್ತಿತ್ತು. ಯಾವ ಬಂಡೆಯ ಕೆಳಗೆ ಏಡಿ ಇರುತ್ತದೆ, ಯಾವ ಮಡುವಿನ ಮೀನು ಮಳೆಯ ಮೊದಲ ನೀರಿಗೆ ಮೇಲೇರುತ್ತದೆ, ಯಾವ ಬದಿಯ ಒಸರು ಬೇಸಿಗೆಯಲ್ಲಿಯೂ ನಿಲ್ಲುವುದಿಲ್ಲ ಎಂಬುದನ್ನೆಲ್ಲ ತೋರಿಸುತ್ತ ನಡೆದರು. ಮೇಲಿನ ಹುಲ್ಲಿಗೆ ಬೆಂಕಿ ಬಿದ್ದ ವರ್ಷ ಮುಂದಿನ ಮಳೆಗೆ ತೊರೆಯ ನೀರು ಕರಿಗೆಂಪಾಗಿ ಬರುತ್ತದೆ, ಆ ವರ್ಷ ಮಡುಗಳು ಹೂಳು ತುಂಬಿ ಕಿರಿದಾಗುತ್ತವೆ ಎಂದರು. ಮಾಷ್ಟ್ರು ಹಿಂದಿನ ದಿನ ಮಣ್ಣಿನ ಗೋಡೆಯಲ್ಲಿ ತೋರಿಸಿದ್ದನ್ನು ಇವರು ತೊರೆಯ ಬಾಯಿಯಿಂದ ಹೇಳಿಸಿದಂತಾಯಿತು. ಮಾಷ್ಟ್ರು ತಮ್ಮ ಪುಸ್ತಕದಲ್ಲಿ ಅವರ ಮಾತುಗಳನ್ನು ಬಿಡದೆ ಬರೆದುಕೊಂಡರು.

ಬಳಿಕ ನೀರನ್ನು ಅಳೆದೆವು. ಇದು ಯಾರೂ ಮಾಡಬಹುದಾದ ಕೆಲಸ. ವಿವರವಾಗಿ ಬರೆಯುವುದರಿಂದ ತೋಡಿನ ಬದಿಯಲ್ಲಿ ಇರುವವರಿಗೆ ಉಪಯೋಗವಾದೀತು. ತೊರೆ ನೇರವಾಗಿ, ಸಮನಾಗಿ ಹರಿಯುವ ಜಾಗವೊಂದನ್ನು ಆರಿಸಿ 5 ಮೀಟರ್ ಉದ್ದಕ್ಕೆ ಎರಡು ಕಡ್ಡಿ ನೆಟ್ಟೆವು. ನೀರಿನ ಅಗಲ 60 ಸೆಂಟಿಮೀಟರ್ ಇತ್ತು. ಆಳವನ್ನು ಅಡ್ಡಕ್ಕೆ ಹಲವು ಕಡೆ ಅಳೆದು ಸರಾಸರಿ ತೆಗೆದಾಗ 10 ಸೆಂಟಿಮೀಟರ್ ಬಂತು. ಸೊಸೆ ಮೇಲಿನ ಕಡ್ಡಿಯ ಬಳಿ ಎಲೆಯೊಂದನ್ನು ಬಿಟ್ಟು ಕೂಗಿದಳು, ನಾನು ಕೆಳಗಿನ ಕಡ್ಡಿಯ ಬಳಿ ಗಡಿಯಾರ ಹಿಡಿದು ನಿಂತೆ. ಹಲವು ಸಲ ಬಿಟ್ಟು ನೋಡಿದ ಸರಾಸರಿ 20 ಸೆಕೆಂಡು. ಅಂದರೆ ಮೇಲ್ಮೈಯ ವೇಗ ಸೆಕೆಂಡಿಗೆ 25 ಸೆಂಟಿಮೀಟರ್. ಅಗಲ, ಆಳ, ವೇಗಗಳನ್ನು ಗುಣಿಸಿದರೆ ಸೆಕೆಂಡಿಗೆ 15 ಲೀಟರ್. ತಳದ ಕಲ್ಲುಗಳಿಗೆ ತಾಗಿ ಹರಿಯುವ ನೀರು ಮೇಲ್ಮೈಯಷ್ಟು ವೇಗವಾಗಿ ಹೋಗುವುದಿಲ್ಲವಾದ್ದರಿಂದ ಐದನೆಯ ಒಂದು ಪಾಲನ್ನು ಕಳೆಯಬೇಕೆಂದು ಮಾಷ್ಟ್ರು ಹೇಳಿದರು. ಉಳಿದದ್ದು ಸೆಕೆಂಡಿಗೆ 12 ಲೀಟರ್, ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು.

ಸೊಸೆ ಆ ಸಂಖ್ಯೆಯನ್ನು ನಂಬದೆ ಮತ್ತೆ ಲೆಕ್ಕ ಮಾಡಿ ನೋಡಿದಳು. ಮಗುವೂ ದಾಟಬಹುದಾದ, ಹೆಸರೂ ಇಲ್ಲದ ಒಂದು ತೊರೆ ಅದು. ಭಾವ ತನ್ನ ಲೆಕ್ಕಕ್ಕೆ ಇಳಿದ. ನಮ್ಮ ಕಾಸರಗೋಡಿನ ಕೂಡ್ಲಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯು, ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಸಾಕೆಂದು ಹೇಳುತ್ತದೆ. ಇಪ್ಪತ್ತು ಲೀಟರೆಂದೇ ಹಿಡಿದರೂ ಈ ಒಂದು ತೊರೆಯ ಅಂದಿನ ಹರಿವು 50,000 ಅಡಿಕೆ ಮರಗಳ ಒಂದು ದಿನದ ನೀರಿಗೆ ಸಮ. ಹರಿವು ಬೇಸಿಗೆಗೆ ಬಹಳ ಇಳಿಯುತ್ತದೆ, ಕೆಳಗೆ ಮನುಷ್ಯರಲ್ಲದೆ ಮೀನು, ಏಡಿ, ಆನೆಗಳಿಗೂ ಇದೇ ನೀರು ಬೇಕು ಎಂಬುದನ್ನು ಮಾಷ್ಟ್ರು ನೆನಪಿಸಿದರು. ಭಾವ ಅದನ್ನು ಒಪ್ಪಿದ. ಆದರೆ ಆ ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಸಂಜೆ ಮನೆಯವರೊಡನೆ ಕಟ್ಟನ್‌ಚಾಯ ಕುಡಿಯುತ್ತ ಕುಳಿತಾಗ ಆನೆಯ ಮಾತು ಬಂತು. ತೋಟದ ಬಾಳೆ, ತೆಂಗಿನ ಸಸಿಗಳನ್ನು ಕಳೆದುಕೊಂಡವರು ಸುತ್ತ ಬಹಳ ಮಂದಿ ಇದ್ದಾರೆ. ಸೌರಬೇಲಿ ಹಾಕಿದ ಕಡೆ ಆನೆಗಳು ಅದಿಲ್ಲದ ಬದಿಯಿಂದ ಬರುತ್ತವೆ. ಹೀಗಿದ್ದೂ ಚೇಚಿಯ ಮಾತಿನಲ್ಲಿ ಆನೆಯ ಮೇಲೆ ಸಿಟ್ಟಿರಲಿಲ್ಲ. ಮಳೆ ಕಡಿಮೆಯಾದ ವರ್ಷ ಅವು ಬೇಗ ಇಳಿಯುತ್ತವೆ ಎಂದಷ್ಟೇ ಹೇಳಿ ಅವರು ದನದ ಕೊಟ್ಟಿಗೆಯ ದೀಪ ಹಾಕಲು ಎದ್ದು ಹೋದರು.

ಆದಿತ್ಯವಾರ

ಇಳಿಯುವಾಗ ರಾಜಪುರದ ಮೂಲಕ ಕಾಞಂಗಾಡಿಗೆ ಬಂದು, ಕರಾವಳಿಯ ರಸ್ತೆಯಲ್ಲಿ ಬೇಕಲವನ್ನು ದಾಟಿ ಚಂದ್ರಗಿರಿ ಹೊಳೆಯ ದಡಕ್ಕೆ ಬಂದೆವು. ಕೊಡಗಿನ ಪಟ್ಟಿಘಾಟಿನ ಕಾಡಿನಲ್ಲಿ ಹುಟ್ಟಿ, ಪಯಸ್ವಿನಿಯನ್ನು ಕೂಡಿಕೊಂಡು, 105 ಕಿಲೋಮೀಟರ್ ಹರಿದು ಕಾಸರಗೋಡಿನ ಬಳಿ ಕಡಲು ಸೇರುವ ಈ ಹೊಳೆ ಹಿಂದಿನ ಕಾಲದಲ್ಲಿ ತುಳುನಾಡಿನ ತೆಂಕಣ ಗಡಿಯಾಗಿತ್ತು. ದಡದ ಎತ್ತರದಲ್ಲಿ ಬಿದನೂರಿನ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯಿದೆ. ಅಲ್ಲಿ ನಿಂತರೆ ಹೊಳೆ ಅಗಲವಾಗಿ, ಸುಮ್ಮನೆ ಮಲಗಿದ ಹಾಗೆ ಕಾಣುತ್ತದೆ. ಘಟ್ಟದ ಮೇಲಿನ ತೊರೆಗಳ ಓಟಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೇಳಿದರೆ ಮಾತ್ರ ನಂಬಬೇಕು.

ಈ ಹೊಳೆಯ ಕೆಳಭಾಗದಲ್ಲಿ ಕ್ಯಾಂಟರನ ಮೆದುಚಿಪ್ಪಿನ ಆಮೆಯೆಂಬ ಅಪರೂಪದ, ಬಹಳ ದೊಡ್ಡದಾಗಿ ಬೆಳೆಯುವ ಸಿಹಿನೀರಿನ ಆಮೆಯಿದೆ. ಅದು ಚಂದ್ರಗಿರಿಯ ದಡದಲ್ಲಿ ಮೊಟ್ಟೆಯಿಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ. 2023ರಲ್ಲಿ ಕಾಸರಗೋಡು ತನ್ನದೇ ಆದ ಜಿಲ್ಲಾ ಜೀವಿಗಳನ್ನು ಘೋಷಿಸಿದಾಗ ಪ್ರಾಣಿಯಾಗಿ ಆರಿಸಿಕೊಂಡದ್ದು ಇದೇ ಆಮೆಯನ್ನು. ಮರವಾಗಿ ಕಾಸರಕವನ್ನು, ಹಕ್ಕಿಯಾಗಿ ಬಿಳಿಹೊಟ್ಟೆಯ ಕಡಲಹದ್ದನ್ನು ಆರಿಸಲಾಯಿತು. ಆಮೆಗೆ ಮೊಟ್ಟೆಯಿಡಲು ಮರಳಿನ ದಂಡೆ ಬೇಕು, ಮರಿಗಳು ಬದುಕಲು ಬೇಸಿಗೆಯಲ್ಲಿಯೂ ಹರಿಯುವ ಸಿಹಿನೀರು ಬೇಕು. ಮೇಲಿನ ನೀರು ಬೇಗ ಬತ್ತಿದರೆ ಹೊಳೆಯ ಬಾಯಿಯಿಂದ ಕಡಲಿನ ಉಪ್ಪುನೀರು ಒಳಗೇರುತ್ತದೆ. ಆಮೆಯನ್ನು ಉಳಿಸಬೇಕೆನ್ನುವವರು ಹೊಳೆಯ ದಡದಷ್ಟೇ ಹುಲ್ಲುಬೆಟ್ಟವನ್ನೂ ಗಮನದಲ್ಲಿಟ್ಟುಕೊಳ್ಳಬೇಕು ಎಂದು ಮಾಷ್ಟ್ರು ಸೊಸೆಗೆ ಹೇಳುತ್ತಿದ್ದರು; ಅವಳು ಶಾಲೆಯಲ್ಲಿ ಹೇಳಲೆಂದು ಅದನ್ನೆಲ್ಲ ಬರೆದುಕೊಂಡಳು.

ಊರು ತಲುಪಿದಾಗ ಇನ್ನೂ ಬೆಳಕಿತ್ತು. ತೋಡಿಗೆ ಕಟ್ಟ ಹಾಕುವ ಬಗ್ಗೆ ನೆರೆಮನೆಯವರು ಮಾತಾಡಿಕೊಳ್ಳುತ್ತಿದ್ದರು. ಕಟ್ಟ ಹಾಕುವ ಮೊದಲು ತೋಡಿನ ಹರಿವನ್ನು ಇದೇ ಕ್ರಮದಲ್ಲಿ ಅಳೆದು ಬರೆದಿಡಬೇಕು, ಆಮೇಲೆ ತಿಂಗಳಿಗೊಮ್ಮೆ ಅಳೆಯುತ್ತ ಹೋಗಬೇಕು ಎಂದು ಭಾವ ಅವರಿಗೆ ಹೇಳಿ, ಜೇಬಿನ ಹಾಳೆಯನ್ನು ಬಿಡಿಸಿ ತೋರಿಸಿದ. ರಾಣಿಪುರದ ತೊರೆಯನ್ನು ಮಾರ್ಚ್ ಕೊನೆಯಲ್ಲಿ ಇನ್ನೊಮ್ಮೆ ಅಳೆಯಬೇಕೆಂಬುದು ಮಾಷ್ಟ್ರ ಯೋಜನೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೆಟ್ಟ ಹತ್ತುವುದನ್ನು ನಿಲ್ಲಿಸುವುದುಂಟು. ತೊರೆಯ ಆ ಜಾಗ ಕಾಡಿನ ಹೊರಗಿರುವುದರಿಂದ ಅಲ್ಲಿಯವರೆಗೆ ಹೋಗಲು ತೊಂದರೆಯಾಗದು, ಬರುವ ದಿನವನ್ನು ಮುಂದಾಗಿ ತಿಳಿಸಿದರೆ ತಾನೂ ಜೊತೆಗೆ ಬರುತ್ತೇನೆಂದು ಆ ಹಿರಿಯರು ಹೇಳಿದ್ದಾರೆ.